ಹೊಗೆಯಿಲ್ಲವೆಂದು ಪ್ರಶ್ನೆಯೂ ಬೇಡವೇ?

ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವ ಪ್ರಸ್ತಾಪ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ: ‘ನೋಟ ಕೆಡುತ್ತದೆ’ ಎಂಬುದೊಂದು, ‘ಹೊಗೆಯಿಲ್ಲ, ಬೂದಿಯಿಲ್ಲ, ಇನ್ನೇನು ತಕರಾರು?’ ಎಂಬುದಿನ್ನೊಂದು. ಪ್ರಿಯ ಓದುಗರೇ, ಮೊದಲನೆಯ ಮಾತಿನಲ್ಲಿ ನನಗೆ ಹೆಚ್ಚು ಗೌರವವಿಲ್ಲ. ಕಲ್ಲಿದ್ದಲ ಬೂದಿಯ ನಡುವೆ ಬಾಳುವವರೆದುರು ನಮ್ಮ ಕಣ್ಣಿನ ಸುಖವನ್ನು ವಾದಿಸಲು ನಾಚಿಕೆಯಾಗಬೇಕು.

ಆದರೆ ಎರಡನೆಯದು ಅರ್ಧಸತ್ಯ. ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿರಿ. ಯಂತ್ರಗಳಿರುವೆಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ವಿರಳ. ಹಕ್ಕಿಯ ಭಯ ತಪ್ಪಿದ ಓತಿಕ್ಯಾತಗಳು ಹೆಚ್ಚಿದವು. ಮನುಷ್ಯ ಹತ್ತಿರ ಬಂದರೂ ಬೇಗನೆ ಓಡದಷ್ಟು ಅವುಗಳ ಸ್ವಭಾವವೇ ಬದಲಾಯಿತು. ಇದನ್ನೆಲ್ಲ ಮಾಡಿದ್ದು ಆ ಹೊಗೆಯಿಲ್ಲದ ಯಂತ್ರವೇ! ಇನ್ನು ಅದರ ಉದ್ದನೆಯ ರೆಕ್ಕೆಗಳನ್ನು ಮೇಲೇರಿಸಲು ಅಗಲವಾದ ರಸ್ತೆ ಬೇಕು. ರಸ್ತೆಗಾಗಿ ಇಳಿಜಾರನ್ನು ಕಡಿಯಬೇಕು. ಕಡಿದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ.

ಇಷ್ಟಾದರೂ ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ತಿನ ಹೆಸರೇ ಇಲ್ಲ. ಅರಣ್ಯಭೂಮಿಯಾದರೆ ಬೇರೆ ಅನುಮತಿ ಬೇಕು, ನಿಜ. ಆದರೆ ಆ ಅಧಿಸೂಚನೆಯಂತೆ ಊರವರ ಅಹವಾಲು ಕೇಳುವ ಸಭೆ ಕಡ್ಡಾಯವಲ್ಲ. ನನ್ನ ಜಗಳವಿರುವುದು ಇಲ್ಲಿಯೇ; ಗಾಳಿಯೊಡನೆಯಲ್ಲ.

ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅದಕ್ಕೂ ಮೊದಲೇ ಅಲ್ಲಿ ಗಾಳಿಯಂತ್ರಗಳು ನೆಲೆಯೂರಿದ್ದವು. ಅದೇ ಜಿಲ್ಲೆಯ ಎರೆಹೊಲಗಳಲ್ಲಿಯೂ ಯಂತ್ರಗಳು ತಿರುಗುತ್ತಿವೆ, ಸುತ್ತಲೂ ಬೇಸಾಯ ನಡೆದಿದೆ. ನೆತ್ತಿಯಲ್ಲಿ ಗಾಳಿ ಇನ್ನಷ್ಟು ಬಲವೆನ್ನುವಿರಾ? ಹಾಗಾದರೆ ಆ ‘ಇನ್ನಷ್ಟು’ ಎಷ್ಟು, ಅದಕ್ಕೆ ತೆರುವುದೇನು ಎಂಬ ಲೆಕ್ಕವನ್ನು ಊರಿನ ಮುಂದೆ ಇಡಲಿ.