ಬೇಡ ಎನ್ನುವ ಹಕ್ಕು ಯಾರಿಗಿದೆ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಂದಿದ್ದ. ಹುಬ್ಬಳ್ಳಿಯಲ್ಲಿ ಯಾವುದೋ ಮದುವೆ ಮುಗಿಸಿಕೊಂಡು, ಗುರುಗಳನ್ನು ಕಂಡೇ ಹೋಗಬೇಕೆಂದು ಧಾರವಾಡದ ತನಕ ಬಂದ ಅವನ ಪ್ರೀತಿಯನ್ನು ನಾನು ಮರೆಯುವವನಲ್ಲ. ಈಗ ದೊಡ್ಡ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ ವಿಭಾಗದಲ್ಲಿದ್ದಾನೆ. ಚಹಾ ಕುಡಿದಾದ ಮೇಲೆ ಚೀಲದಿಂದ ಒಂದು ಯೋಜನಾ ವರದಿಯನ್ನು ತೆಗೆದು ಮೇಜಿನ ಮೇಲಿಟ್ಟ. ನಮ್ಮ ಭಾಗದ ಹತ್ತು ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಏನೇನು ಮಾಡಬೇಕೆಂಬುದು ಅದರಲ್ಲಿ ತಿಂಗಳುವಾರು ಅಚ್ಚಾಗಿತ್ತು. ‘ಸಮುದಾಯದ ಸಹಭಾಗಿತ್ವ’ ಎಂಬ ಹೆಸರಿನ ಒಂದು ಅಧ್ಯಾಯವೂ ಇತ್ತು.

“ಸರ್, ನೀವು ಈ ಕಡೆ ಮೂವತ್ತು ವರ್ಷ ಕಲಿಸಿದವರು. ಊರ ಹಿರಿಯರು ಅಂತ ನಿಮ್ಮದೊಂದು ಸಹಿ ಬೇಕಾಗೇತ್ರಿ” ಎಂದ.

“ಆ ಹಳ್ಳಿಗಳ ತಾಯಂದಿರನ್ನ ಕೇಳಿಯೇನಪಾ?”

“ಮಂಜೂರಾದ ಮ್ಯಾಲೆ ಸಭೆ ಮಾಡ್ತೀವ್ರಿ ಸರ್.”

ನಾನು ಸಹಿ ಮಾಡಲಿಲ್ಲ. ಅವನು ನಮಸ್ಕಾರ ಮಾಡಿ ಹೊರಟನಾದರೂ ಮುಖ ಸಣ್ಣದಾಗಿತ್ತು. ಅಂದು ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಇಂತಹದೇ ಕೆಲಸಗಳಲ್ಲಿರುವಿರಿ. ಇನ್ನು ಕೆಲವರು ವರ್ಷಕ್ಕೊಮ್ಮೆ ಊರಿಗೆ ಏನಾದರೂ ದಾನ ಮಾಡುವವರು. ಆದುದರಿಂದ ಈ ಮಾತು ಅವನೊಬ್ಬನಿಗೇ ಮೀಸಲಾದುದಲ್ಲ.

ಸಹಿ ಮಾಡದಿರಲು ಕಾರಣ ಒಂದು ಹಳೆಯ ನಾಚಿಕೆ. 1990ರ ದಶಕದ ಆರಂಭದಲ್ಲಿ ನಾನು ನವಲಗುಂದದ ಕಡೆಯ, ಎರಿ ನೆಲದ ಒಂದು ಹಳ್ಳಿಯಲ್ಲಿ ಮುಖ್ಯಾಧ್ಯಾಪಕನಾಗಿದ್ದೆ. ಒಂದು ಸೇವಾಸಂಸ್ಥೆಯವರು ಜೀಪಿನಲ್ಲಿ ಬಂದರು. ಸಜ್ಜನರು, ಅದರಲ್ಲಿ ಸಂಶಯವಿಲ್ಲ. ಹೆಣ್ಣುಮಕ್ಕಳು ನಡುವೆಯೇ ಶಾಲೆ ಬಿಡುತ್ತಿರುವುದಕ್ಕೆ ತಂದೆತಾಯಿಗಳ ಅಜ್ಞಾನವೇ ಕಾರಣವೆಂದು ಅವರು ಮೊದಲೇ ತೀರ್ಮಾನಿಸಿದ್ದರು. ಆದ್ದರಿಂದ ಗೋಡೆಬರಹ, ಬೀದಿನಾಟಕ, ಪ್ರತಿ ಹುಡುಗಿಗೂ ಒಂದು ಪಾಟಿಚೀಲ. ಇದೆಲ್ಲವೂ ಊರವರ ಬೇಡಿಕೆಯೆಂದು ತೋರಿಸುವ ಒಂದು ಠರಾವು ಅವರಿಗೆ ಬೇಕಾಗಿತ್ತು. ನನ್ನ ಅಕ್ಷರ ದುಂಡಗಿತ್ತು. ಠರಾವನ್ನು ನಾನೇ ಬರೆದೆ. ಬರೆದಾದ ಮೇಲೆ ತಾಯಂದಿರನ್ನು ಕರೆಸಿ ಹೆಬ್ಬಟ್ಟು ಒತ್ತಿಸಿದೆ. ಅವರಲ್ಲೊಬ್ಬ ಹಿರಿಯಳು ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು: “ಗುರುಗಳ, ಹೆಬ್ಬಟ್ಟು ಒತ್ತಾಕ ಕರೀತೀರಿ, ಮಾತಾಡಾಕ ಯಾಕ ಕರ್ಯಂಗಿಲ್ರಿ?”

ನಾನು ನಕ್ಕು ಸುಮ್ಮನಾದೆ. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಚೀಲಗಳು ಬಂದವು. ಹತ್ತಿ ಬಿಡಿಸುವ ದಿನಗಳು ಬಂದೊಡನೆ ಚೀಲಗಳು ಮನೆಯ ಗೂಟಕ್ಕೆ, ಹುಡುಗಿಯರು ಮನೆಯ ಹೊಸ್ತಿಲಿಗೆ! ಕೊನೆಗೊಂದು ಸಂಜೆ ನಾನೇ ಆ ಹಿರಿಯಳ ಕಟ್ಟೆಯ ಮೇಲೆ ಕುಳಿತು ಕೇಳಿದೆ. ಅವಳು ಹೇಳಿದ್ದು ಇಷ್ಟೇ: “ನಾವು ಏಳಕ್ಕ ಹೊಲಕ್ಕ ಹೋಗತೀವಿ. ಅಂಗನವಾಡಿ ತೆರಿಯೂದು ಹತ್ತಕ್ಕ. ಆ ಮೂರು ತಾಸು ಕೂಸಿನ್ನ ಯಾರು ಹಿಡೀಬೇಕ್ರಿ?” ಕೂಸನ್ನು ಹಿಡಿಯುತ್ತಿದ್ದವಳು ನನ್ನ ನಾಲ್ಕನೆಯ ಇಯತ್ತೆಯ ವಿದ್ಯಾರ್ಥಿನಿ. ಒಮ್ಮೆ ತಪ್ಪಿದ ಶಾಲೆ ಮತ್ತೆ ಹತ್ತುತ್ತಿರಲಿಲ್ಲ. ಊರಿಗೆ ಬೇಕಾಗಿದ್ದುದು ಮೂರು ತಾಸು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಆಯಾ. ಚೀಲಗಳಿಗೆ ತಗುಲಿದ ಹಣದಲ್ಲಿ ಅವಳ ಕೆಲವು ವರ್ಷಗಳ ಸಂಬಳವೇ ನಡೆಯುತ್ತಿತ್ತು. ಆದರೆ ಅಷ್ಟರಲ್ಲಿ ಸಂಸ್ಥೆಯವರು ವರದಿ ಬರೆದು, ಭಾವಚಿತ್ರ ತೆಗೆದುಕೊಂಡು ಹೋಗಿಯಾಗಿತ್ತು. ವರದಿಯಲ್ಲಿ ನನ್ನ ದುಂಡಕ್ಷರದ ಠರಾವೂ ಇದ್ದಿರಬೇಕು.

ಕೇಳುವುದೆಂದರೆ ಶಿಷ್ಟಾಚಾರವೆಂದು ಬಹಳ ಜನ ತಿಳಿದಿದ್ದಾರೆ. ಯೋಜನೆಯೆಲ್ಲ ಸಿದ್ಧವಾದ ಮೇಲೆ ಪಂಚಾಯಿತಿ ಕಟ್ಟೆಯ ಮೇಲೆ ಒಂದು ಸಭೆ, ಒಂದಿಷ್ಟು ಸಹಿ, ಒಂದು ಹಾರ! ನನ್ನ ಲೆಕ್ಕದಲ್ಲಿ ಸಹಭಾಗಿತ್ವಕ್ಕೆ ಇರುವ ಒರೆಗಲ್ಲು ಒಂದೇ: ಯಾರಿಗಾಗಿ ಕೆಲಸವೋ ಅವರು ‘ಬೇಡ’ ಎಂದರೆ ಕೆಲಸ ನಿಲ್ಲುವುದೋ ಇಲ್ಲವೋ? ನಿಲ್ಲದಿದ್ದರೆ ಅವರು ಪಾಲುದಾರರಲ್ಲ, ಪ್ರೇಕ್ಷಕರು.

ಈ ‘ಬೇಡ’ದ ಬಲವನ್ನು ನಮ್ಮ ಜಿಲ್ಲೆ ಒಮ್ಮೆ ಕಂಡಿದೆ. ಇಂದಿನ ತರುಣರಿಗೆ ಅದು ನೆನಪಿರಲಿಕ್ಕಿಲ್ಲ. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಸುಮಾರು 30,000 ಹೆಕ್ಟೇರ್ ನೆಲದಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಅದರ ಉದ್ದೇಶ. ಕಾಗದದಲ್ಲಿ ಅದು ಪಾಳು ಭೂಮಿ. ಊರವರಿಗಾದರೋ ಅದು ದನದ ಮೇವು, ಒಲೆಯ ಕಟ್ಟಿಗೆ, ಬೇಲಿಯ ಮುಳ್ಳು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ ಈ ಜನರ ಜೊತೆಗೆ ನಿಂತಿತು. 1987ರ ನವೆಂಬರ್ 14ರಂದು, ಆಗ ನಮ್ಮದೇ ಜಿಲ್ಲೆಯಲ್ಲಿದ್ದು ಈಗ ಹಾವೇರಿಗೆ ಸೇರಿದ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಸುಪ್ರೀಂ ಕೋರ್ಟಿನ ಮೊರೆಹೊಕ್ಕವರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ನನಗೆ ಆ ಹೆಸರಿನ ಎರಡನೆಯ ಪದವೇ ಹೆಚ್ಚು ಪ್ರಿಯ. ಕಿತ್ತು ಸುಮ್ಮನೆ ಹೋಗಲಿಲ್ಲ. ಏನನ್ನು ಹಚ್ಚಬೇಕೆಂಬುದು ಮೇವು ಹೊತ್ತ ತಲೆಗಳಿಗೆ ಗೊತ್ತಿತ್ತು.

ಇನ್ನೊಂದು ಉದಾಹರಣೆ ನೆರೆಯ ಬೆಳಗಾವಿ ಜಿಲ್ಲೆಯದು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲಿಯೇ ಬಂತು. ಕಾಯ್ದೆ ಬಂದೊಡನೆ ಮುತ್ತು ಕಟ್ಟುವುದು ನಿಲ್ಲಲಿಲ್ಲ, ಕದ್ದು ನಡೆಯತೊಡಗಿತು. ಪೊಲೀಸರಿಗೆ ಕಾಣದ್ದು ಯಾರಿಗೆ ಕಂಡೀತು? ಯಾವ ಮನೆಯಲ್ಲಿ ಯಾವ ಹರಕೆ, ಯಾವ ಹುಡುಗಿಯ ತಲೆಯಲ್ಲಿ ಜಡೆ ಗಂಟುಕಟ್ಟಿದೆ ಎಂಬುದು ಆ ಬದುಕನ್ನೇ ಬಾಳಿದವರಿಗೆ ಕಂಡೀತು. ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಆರಂಭಿಸಿದ ಕೆಲಸವನ್ನು ಮುಂದೆ ಆ ಹೆಣ್ಣುಮಕ್ಕಳೇ ಕೈಗೆತ್ತಿಕೊಂಡು, 1997ರಲ್ಲಿ ತಮ್ಮದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಎಳವೆಯಲ್ಲಿಯೇ ದೇವದಾಸಿಯಾದ ಸೀತವ್ವ ಜೋಡಟ್ಟಿಯವರು ಅದರ ಮುಖ್ಯಸ್ಥೆಯಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಲ್ಲಿ ಗಮನಿಸಬೇಕಾದುದು ಪ್ರಶಸ್ತಿಗಿಂತ ಹೆಚ್ಚಾಗಿ ಕುರ್ಚಿ. ನಮ್ಮ ಹುಬ್ಬಳ್ಳಿ-ಧಾರವಾಡದ ಸಭಾಭವನಗಳಲ್ಲಿ ನಾನು ನೋಡಿದ ಪದ್ಧತಿಯೇ ಬೇರೆ. ನೊಂದ ಹೆಣ್ಣುಮಗಳೊಬ್ಬಳನ್ನು ವೇದಿಕೆಗೆ ಕರೆದು ಐದು ನಿಮಿಷ ಅಳಿಸುತ್ತಾರೆ, ಶಾಲು ಹೊದಿಸುತ್ತಾರೆ, ಆಮೇಲೆ ಅವಳನ್ನು ಹೊರಗೆ ಕೂರಿಸಿ ಅವಳ ವಿಷಯವಾಗಿ ಒಳಗೆ ತೀರ್ಮಾನ ಮಾಡುತ್ತಾರೆ. ಅನುಭವವನ್ನು ಕಣ್ಣೀರಾಗಿ ಬಳಸಿಕೊಳ್ಳುವುದು ಸುಲಭ. ಅದಕ್ಕೆ ಒಂದು ಮತ, ಒಂದು ಖಾತೆಪುಸ್ತಕ, ಒಂದು ಕುರ್ಚಿ ಕೊಡುವುದು ಕಷ್ಟ.

ನನ್ನ ವಿದ್ಯಾರ್ಥಿಯ ಆಕ್ಷೇಪಣೆಗಳನ್ನು ನಾನು ಊಹಿಸಬಲ್ಲೆ. ಮೊದಲನೆಯದು, ಸಮಯವಿಲ್ಲ, ಮಾರ್ಚ್ ಮುಗಿಯುವುದರೊಳಗೆ ಲೆಕ್ಕ ಮುಟ್ಟಬೇಕು. 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಇಂತಹ ಕೆಲಸಗಳಿಗೆ ಮೀಸಲಿಟ್ಟಿದೆ ನಿಜ. ಆದರೆ ಹಲವು ವರ್ಷ ನಡೆಯುವ ಯೋಜನೆಯ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ವರ್ಷಗಳಲ್ಲಿ ಖರ್ಚು ಮಾಡಲು ಅದೇ ಕಾನೂನಿನಲ್ಲಿ ಅವಕಾಶವಿದೆ. ಕಟ್ಟೆಯ ಮೇಲೆ ನಾಲ್ಕು ಸಂಜೆ ಕೂಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಎರಡನೆಯದು, ಊರೆಂಬುದು ಒಂದೇ ದನಿಯಲ್ಲ. ಕೇಳಿದರೆ ಗೌಡರೊಬ್ಬರೇ ಮಾತನಾಡುತ್ತಾರೆ. ಇದು ಗಟ್ಟಿಯಾದ ಆಕ್ಷೇಪಣೆ, ನಾನು ಒಪ್ಪುತ್ತೇನೆ. ದೊಡ್ಡವರ ಪಡಸಾಲೆಯಲ್ಲಿ ಸಭೆ ಸೇರಿಸಿದರೆ ಕೇರಿಯವರು ಅಂಗಳದಲ್ಲಿಯೇ ನಿಲ್ಲುತ್ತಾರೆ. ಅದಕ್ಕೆ ಪರಿಹಾರ ಕೇಳದೆ ಇರುವುದಲ್ಲ, ಕೇರಿಗೇ ಹೋಗಿ ಕೇಳುವುದು. ಹೆಂಗಸರನ್ನು ಬೇರೆಯಾಗಿ, ಅವರು ಹೊಲದಿಂದ ಬಂದು ರೊಟ್ಟಿ ಬಡಿದಾದ ಮೇಲೆ ಕೇಳುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಅರಿತೇ ಶಾಲಾ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ಅವರವರ ಪ್ರಮಾಣದಲ್ಲಿ ಸ್ಥಾನವಿರಬೇಕು ಎಂದು ವಿಧಿಸಿತು. ಕಾಯ್ದೆ ಒಳ್ಳೆಯದೇ. ಆದರೆ ಠರಾವನ್ನು ಮೊದಲೇ ಬರೆದಿಡುವ ನನ್ನಂತಹ ಮುಖ್ಯಾಧ್ಯಾಪಕರು ಇರುವ ತನಕ ಆ ಮುಕ್ಕಾಲು ಪಾಲು ಹೆಬ್ಬಟ್ಟಿನ ಪಾಲಾಗಿಯೇ ಉಳಿದೀತು.

ಮೂರನೆಯದು, ಅವರಿಗೆ ತಿಳಿಯುವುದಿಲ್ಲ ಎಂಬುದು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆದರೆ ಎಲ್ಲದರ ಬೇರು ಇದೇ. ಕಾಲಲ್ಲಿ ಮುಳ್ಳು ಮುರಿದವನಿಗೆ ಮುಳ್ಳು ತೆಗೆಯಲು ಬಾರದಿರಬಹುದು. ಎಲ್ಲಿ ನೋಯುತ್ತಿದೆ ಎಂಬುದನ್ನು ಮಾತ್ರ ಅವನೇ ಹೇಳಬೇಕು. ಓದಿದವರ ವಿದ್ಯೆ ಬೇಡವೆಂದು ನಾನು ಹೇಳುತ್ತಿಲ್ಲ. ಮೇಷ್ಟ್ರಾಗಿ ಹಾಗೆ ಹೇಳಲಾದೀತೆ? ಆ ವಿದ್ಯೆ ನೋವಿನ ಮಾತನ್ನು ಕೇಳಿದ ಮೇಲೆ ಬರಲಿ, ಮೊದಲೇ ಬಂದು ಕುರ್ಚಿ ಹಿಡಿಯದಿರಲಿ.

ಆದುದರಿಂದ, ತಮ್ಮಾ, ನಿನ್ನ ವರದಿಯನ್ನು ಹರಿದುಹಾಕೆಂದು ನಾನು ಹೇಳುವುದಿಲ್ಲ. ಅದನ್ನು ಚೀಲದಲ್ಲಿಯೇ ಇಟ್ಟುಕೊಂಡು ಮೊದಲು ಹಳ್ಳಿಗೆ ಹೋಗು. ಹಣ ಎಷ್ಟಿದೆಯೆಂದು ತಾಯಂದಿರಿಗೆ ಮುಚ್ಚುಮರೆಯಿಲ್ಲದೆ ಹೇಳು. ಬೇಡವೆನ್ನುವ ಹಕ್ಕು ನಿಮಗಿದೆ ಎಂದೂ ಹೇಳು. ಠರಾವನ್ನು ಅವರ ಮಗಳೊಬ್ಬಳಿಂದ ಬರೆಸಿ, ಎಲ್ಲರ ಎದುರಿಗೆ ಓದಿಸು. ಅವರು ನಿನ್ನ ಯೋಜನೆಯನ್ನೇ ಒಪ್ಪಿದರೂ ಒಪ್ಪಿಯಾರು. ಮೂರು ತಾಸಿನ ಆಯಾಳನ್ನು ಕೇಳಿದರೂ ಕೇಳಿಯಾರು. ಅಲ್ಲಿಗೆ ಹೋಗುವ ದಿನ ನನ್ನನ್ನೂ ಕರೆದುಕೊಂಡು ಹೋಗು. ಮೊಣಕಾಲು ಈಗೀಗ ಮಾತು ಕೇಳುವುದಿಲ್ಲ, ಆದರೂ ಬರುತ್ತೇನೆ. ನನ್ನನ್ನು ಪ್ರಶ್ನೆ ಕೇಳಿದ ಆ ಹಿರಿಯಳು ಈಗಿಲ್ಲ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಅವಳಂತಹ ಇನ್ನೊಬ್ಬಳ ಕಟ್ಟೆಯ ಮೇಲೆ ಸುಮ್ಮನೆ ಕುಳಿತು, ಅವಳ ಮಾತು ಮುಗಿಯುವ ತನಕ ಕೇಳಿ ತೀರಿಸಬೇಕೆಂದಿದ್ದೇನೆ. ಸಹಿಯ ಮಾತು ಆಮೇಲೆ.