ಅಂಗಳದ ಕುಂಡಕ್ಕೆ ಹೊಲದ ವಿಷ ಬೇಡ



ಹೊಲದಲ್ಲಿ ಔಷಧಿ ಸಿಂಪಡಿಸಿ ಮನೆಗೆ ಬಂದಾಗ ಪಂಪಿನ ತಳದಲ್ಲಿ ಒಂದೆರಡು ಲೀಟರ್ ದ್ರಾವಣ ಉಳಿದಿರುವುದು ಸಾಮಾನ್ಯ. ದುಡ್ಡು ಕೊಟ್ಟು ತಂದದ್ದು, ಚೆಲ್ಲಲು ಮನಸ್ಸು ಬಾರದು. ಬಾಗಿಲ ಮುಂದಿನ ದಾಸವಾಳಕ್ಕೆ ಬಿಳಿ ಹಿಟ್ಟು ಹಿಡಿದಿದೆಯೆಂದು ಮನೆಯವರು ಬೆಳಿಗ್ಗೆಯಷ್ಟೇ ಹೇಳಿರುತ್ತಾರೆ. ಪಂಪಿನ ಮೂತಿ ಅತ್ತ ತಿರುಗುತ್ತದೆ. ದಾಸವಾಳದ ಪಕ್ಕದಲ್ಲೇ ತುಳಸಿ ಕುಂಡ, ಅದರ ಪಕ್ಕದಲ್ಲಿ ಹಳೆಯ ಡಬ್ಬದಲ್ಲಿ ನೆಟ್ಟ ಕರಿಬೇವು, ದೊಡ್ಡಪತ್ರೆ. ಎಲ್ಲಕ್ಕೂ ಒಂದೊಂದು ಸುತ್ತು ಬೀಳುತ್ತದೆ. ಮರುದಿನ ಅದೇ ತುಳಸಿಯ ದಳ ತೀರ್ಥಕ್ಕೆ ಬೀಳುತ್ತದೆ. ಅದೇ ದೊಡ್ಡಪತ್ರೆಯ ರಸ ಕೆಮ್ಮುವ ಮಗುವಿನ ಬಾಯಿಗೆ ಹೋಗುತ್ತದೆ.

ಕ್ಷೇತ್ರ ಭೇಟಿಗೆಂದು ಹೋದಾಗ ಇಂಥ ದೃಶ್ಯವನ್ನು ನಾನು ಒಂದಲ್ಲ, ಹಲವು ಊರುಗಳಲ್ಲಿ ಕಂಡಿದ್ದೇನೆ. ನಾನು ಬೇಸಾಯ ಶಾಸ್ತ್ರದವನು; ಕೀಟಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಮಾತನ್ನು ಹೇಳಲೇಬೇಕೆಂದು ಲೇಖನಿ ಹಿಡಿದಿದ್ದೇನೆ. ಏಕೆಂದರೆ ಈ ತಪ್ಪನ್ನು ಮೊದಲು ಮಾಡಿದವರಲ್ಲಿ ನಾನೂ ಒಬ್ಬ.

ಕೃಷಿ ಪದವಿಯ ಎರಡನೆಯ ವರ್ಷದಲ್ಲಿದ್ದಾಗ ರಜೆಗೆಂದು ಊರಿಗೆ ಹೋಗಿದ್ದೆ. ಅಮ್ಮನ ಗುಲಾಬಿ ಕುಂಡಕ್ಕೆ ಹಿಟ್ಟು ತಿಗಣೆ ಬಿದ್ದಿತ್ತು. ಓದಿದವನು ಮನೆಯಲ್ಲಿರುವಾಗ ಸುಮ್ಮನಿರಲಾದೀತೇ? ಹೊಲಕ್ಕೆಂದು ತಂದಿಟ್ಟಿದ್ದ ಫೋರೇಟ್ ಹರಳನ್ನು ಒಂದು ಚಮಚ ತೆಗೆದು ಕುಂಡದ ಮಣ್ಣಿಗೆ ಹಾಕಿ ನೀರು ಹೊಯ್ದೆ. ಸಂಜೆ ಕೋಳಿಗಳು ಆ ಮಣ್ಣನ್ನು ಕೆದಕಿದವು. ಬೆಳಗಾಗುವಷ್ಟರಲ್ಲಿ ಮೂರು ಕೋಳಿ ಸತ್ತು ಬಿದ್ದಿದ್ದವು. ಅಮ್ಮ ಬೈಯಲಿಲ್ಲ. "ಅಲ್ಲೇ ನಿನ್ನ ಅಕ್ಕನ ಕೂಸು ಮಣ್ಣಾಟ ಆಡ್ತಿತ್ತಲ್ಲೋ ಮಗಾ" ಎಂದಷ್ಟೇ ಅಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಲೆಕ್ಕ ಹಾಕಿ ನೋಡಿ

ಅಂದು ನಾನು ಹಾಕಿದ್ದು ಎಷ್ಟು ಎಂಬುದನ್ನು ಆಮೇಲೆ ಲೆಕ್ಕ ಹಾಕಿದೆ. ಆ ಹರಳನ್ನು ಹೊಲಕ್ಕೆ ಎಕರೆಗೆ ಸುಮಾರು 4 ಕಿಲೋದಂತೆ ಹಾಕುವ ರೂಢಿಯಿತ್ತು. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಅಂದರೆ ಚದರ ಮೀಟರಿಗೆ 1 ಗ್ರಾಂ. 25 ಸೆಂಟಿಮೀಟರ್ ಬಾಯಿಯ ಕುಂಡದ ವಿಸ್ತೀರ್ಣ ಚದರ ಮೀಟರಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಆದುದರಿಂದ ಆ ಕುಂಡದ ಪಾಲು ಒಂದು ಗ್ರಾಮಿನ ಇಪ್ಪತ್ತನೆಯ ಒಂದು ಭಾಗ. ನಾನು ಹಾಕಿದ ಚಮಚದಲ್ಲಿ ಕಡಿಮೆಯೆಂದರೂ 5 ಗ್ರಾಂ ಇದ್ದಿತು. ಹೊಲದ ಪ್ರಮಾಣಕ್ಕಿಂತ ನೂರು ಪಟ್ಟು! ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಫೋರೇಟ್ ಮತ್ತು ಡೈಕ್ಲೋರ್‌ವಾಸ್ ಸೇರಿದಂತೆ ಹಲವು ಕೀಟನಾಶಕಗಳ ಬಳಕೆಯನ್ನು ಕೇಂದ್ರ ಸರ್ಕಾರವು 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಆದರೂ ಅಟ್ಟದ ಮೇಲೆ, ಕೊಟ್ಟಿಗೆಯ ಗೂಡಿನಲ್ಲಿ ಹಳೆಯ ಪೊಟ್ಟಣ, ಡಬ್ಬಗಳು ಇನ್ನೂ ಇರಬಹುದು. ಒಮ್ಮೆ ಹುಡುಕಿ ನೋಡಿ. ಈಗ ಮಾರಾಟದಲ್ಲಿರುವ ಕೀಟನಾಶಕಗಳೂ ಬೆಳೆಗೆ, ಎಕರೆಗೆ, ಹೆಕ್ಟೇರಿಗೆ ಎಂದು ಶಿಫಾರಸಾದವು. ಡಬ್ಬದ ಮೇಲಿನ ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ; ಅನಂತರ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ವಿಷವೇ. ನಾವು ಅದನ್ನು 'ಔಷಧಿ' ಎಂದು ಕರೆಯುತ್ತೇವೆ. ಆ ಹೆಸರೇ ನಮ್ಮ ಕೈಯನ್ನು ಸಡಿಲ ಮಾಡಿದೆಯೆಂದು ನನಗನ್ನಿಸುತ್ತದೆ.

ಇದರಲ್ಲಿ ನಮ್ಮ ತಪ್ಪೂ ಇದೆ. ಕೀಟ ಕಂಡರೆ ಇಷ್ಟು ಮಿಲಿ ಲೀಟರ್ ಸಿಂಪಡಿಸಿ ಎಂದು ವಿಜ್ಞಾನಿಗಳಾದ ನಾವು ವರ್ಷಗಟ್ಟಲೆ ಹೇಳುತ್ತ ಬಂದೆವು. ಮನೆಯ ನಾಲ್ಕು ಕುಂಡಕ್ಕೆ ಏನು ಮಾಡಬೇಕೆಂದು ಹೇಳಲಿಲ್ಲ. ಕೇಳಿದವರೂ ಕಡಿಮೆ, ಹೇಳಿದವರೂ ಕಡಿಮೆ.

ಕೀಟಕ್ಕಿಂತ ಮೊದಲು ಕುಂಡವನ್ನು ನೋಡಿ

ಕುಂಡವೆಂದರೆ ಒಂದು ಪುಟ್ಟ ಹೊಲ. ಗೊಬ್ಬರ, ನೀರು, ಗಾಳಿ, ಬೆಳಕು ತಪ್ಪಿದಲ್ಲಿಗೆ ಕೀಟ ಬಂದೇ ಬರುತ್ತದೆ.

ಯೂರಿಯಾವನ್ನೇ ತೆಗೆದುಕೊಳ್ಳಿ. ಗಿಡ ಹಸಿರಾಗಲಿ ಎಂದು ಒಂದು ಚಮಚ ಹಾಕುವುದುಂಟು. ಮೇಲಿನ ಲೆಕ್ಕದಂತೆಯೇ ನೋಡಿದರೆ ಇದು ಎಕರೆಗೆ 400 ಕಿಲೋ ಹಾಕಿದಂತೆ. ಗಿಡ ಬದುಕಿದರೆ ಅದರ ಚಿಗುರು ಮೆತ್ತಗೆ, ರಸಭರಿತವಾಗಿ ಬರುತ್ತದೆ. ಸಸ್ಯ ಹೇನಿಗೆ ಇದಕ್ಕಿಂತ ಹಬ್ಬದೂಟ ಬೇರಿಲ್ಲ. ಹೇನು ಗಂಡಿನ ನೆರವಿಲ್ಲದೆಯೇ ನೇರವಾಗಿ ಮರಿ ಹಾಕುತ್ತದೆ. ಆ ಮರಿ ಒಂದು ವಾರದ ಸುಮಾರಿಗೆ ತಾನೂ ಮರಿ ಹಾಕತೊಡಗುತ್ತದೆ. ಕುಂಡಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಸಾಕು.

ನೀರು ಹೆಚ್ಚಾಗಿ ಮಣ್ಣು ಸದಾ ಒದ್ದೆಯಿದ್ದರೆ ಸಣ್ಣ ಕಪ್ಪು ನೊಣಗಳು ಏಳುತ್ತವೆ. ಅವುಗಳ ಮರಿಗಳು ಎಳೆ ಬೇರನ್ನು ತಿನ್ನುತ್ತವೆ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದೆ ಎನಿಸಿದಾಗ ಮಾತ್ರ ನೀರು ಕೊಡಿ. ಬೇಸಿಗೆಯಲ್ಲಿ ಬಿಸಿ ಗೋಡೆಗೆ ಒತ್ತಿ, ದೂಳು ಹಿಡಿದು ನಿಂತ ಗುಲಾಬಿಗೆ ಕೆಂಪು ನುಸಿ ಬರುತ್ತದೆ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ, ಕೆಳಗೆ ತೆಳುವಾದ ಬಲೆ ಕಂಡರೆ ಅದೇ ಎಂದು ತಿಳಿಯಿರಿ. ನುಸಿ ಎಂಟು ಕಾಲಿನ ಜೀವಿ, ಕೀಟವಲ್ಲ. ಬಹಳಷ್ಟು ಕೀಟನಾಶಕಗಳು ಅದಕ್ಕೆ ತಾಗುವುದಿಲ್ಲ. ಅದನ್ನು ತಿನ್ನುವ ಮಿತ್ರ ಜೀವಿಗಳು ಮಾತ್ರ ಸಾಯುತ್ತವೆ. ವಿಷ ಹೊಡೆದ ಮೇಲೆ ನುಸಿ ಇಮ್ಮಡಿಯಾಯಿತು ಎಂಬ ದೂರಿನ ಗುಟ್ಟು ಇದೇ. ಕುಂಡವನ್ನು ಗೋಡೆಯಿಂದ ಸರಿಸಿ, ಎಲೆಯ ಕೆಳಭಾಗವನ್ನು ಎರಡು ಮೂರು ದಿನಕ್ಕೊಮ್ಮೆ ನೀರಿನಿಂದ ತೊಳೆಯುತ್ತಿದ್ದರೆ ನುಸಿ ಹತೋಟಿಗೆ ಬರುತ್ತದೆ.

ಕೈ, ನೀರು, ಸೋಪು

ನೂರಾರು ಗಿಡಗಳ ಹೊಲದಲ್ಲಿ ಒಂದೊಂದು ಎಲೆಯನ್ನೂ ಒರೆಸಲಾಗದು. ಅಲ್ಲಿ ಕೀಟದ ಸಂಖ್ಯೆ ಆರ್ಥಿಕ ಹಾನಿಯ ಮಟ್ಟವನ್ನು ಮುಟ್ಟಿದಾಗ ಕೀಟನಾಶಕ ಬೇಕಾದೀತು. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ನಾಲ್ಕು ಕುಂಡಕ್ಕೆ ಎರಡು ಕೈ ಸಾಕು.

ದಿನವೂ ನೀರು ಹಾಕುವಾಗ ಚಿಗುರು, ಎಲೆಯ ಕೆಳಭಾಗ, ಕವಲಿನ ಸಂದು ಇವಿಷ್ಟನ್ನು ನೋಡಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು, ಹೆಕ್ಕಿ ತೆಗೆದರಾಯಿತು. ಹಿಟ್ಟು ತಿಗಣೆಯ ನಾಲ್ಕಾರು ಗುಂಪು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಗಟ್ಟಿಯಾಗಿ ಅಂಟಿದ ಶಲ್ಕ ಕೀಟವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ತೀರಾ ಮುತ್ತಿದ ಕುಡಿಯನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ, ತಿಪ್ಪೆಗೆ ಎಸೆಯಬೇಡಿ.

ಇನ್ನೂ ಉಳಿದರೆ ಸೋಪಿನ ದ್ರಾವಣ. 1 ಲೀಟರ್ ನೀರಿಗೆ 5 ಗ್ರಾಂ ಸಾಧಾರಣ ಸೋಪನ್ನು ಹೆರೆದು ಕರಗಿಸಿ. ಬಟ್ಟೆ ಒಗೆಯುವ ಪುಡಿ ಬೇಡ. ಅದರ ಖಾರಕ್ಕೆ ಎಲೆ ಸುಡುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಮೊಸರಿನಂತೆ ಒಡೆದು ಕೆಲಸಕ್ಕೆ ಬಾರದು. ಹಿಡಿದಿಟ್ಟ ಮಳೆ ನೀರು ಉತ್ತಮ. ಮೊದಲು ಒಂದೆರಡು ಎಲೆಗೆ ಹಚ್ಚಿ ಒಂದು ದಿನ ಕಾದು ನೋಡಿ. ಎಲೆ ಕಂದದಿದ್ದರೆ ಸಂಜೆಯ ಹೊತ್ತು ಇಡೀ ಗಿಡ ನೆನೆಯುವಂತೆ, ಮುಖ್ಯವಾಗಿ ಎಲೆಯ ಕೆಳಭಾಗಕ್ಕೆ ಸಿಂಪಡಿಸಿ. ಒಂದು ಗಂಟೆಯ ನಂತರ ಬರೀ ನೀರಿನಿಂದ ತೊಳೆಯಿರಿ. ಸೋಪು ಮೈಗೆ ತಾಗಿದ ಮೆತ್ತನೆಯ ಕೀಟವನ್ನು ಮಾತ್ರ ಕೊಲ್ಲುತ್ತದೆ. ಮೊಟ್ಟೆಯನ್ನು ಅಷ್ಟಾಗಿ ಕೊಲ್ಲದು. ಆದುದರಿಂದ ವಾರಕ್ಕೊಮ್ಮೆಯಂತೆ ಮೂರು ಬಾರಿ ಮಾಡಬೇಕು. ಒಂದೇ ಸಲ ಹೊಡೆದು ಫಲವಿಲ್ಲ ಎನ್ನುವವರೇ ಹೆಚ್ಚು.

ಬೇವನ್ನೂ ಬಳಸಬಹುದು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪು ಬೆರೆಸಿದರೆ ಶೇಕಡಾ 5ರ ಕಷಾಯ ಸಿದ್ಧ. ಬೀಜವನ್ನು ನೆರಳಿನಲ್ಲಿ ಒಣಗಿಸಿರಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುವುದರಿಂದ ಇದನ್ನೂ ಸಂಜೆಯೇ ಸಿಂಪಡಿಸಿ. ಅಂದಂದಿನದನ್ನು ಅಂದಂದೇ ಮುಗಿಸಿ.

ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ಎಚ್ಚರ. ಹೇನು, ಹಿಟ್ಟು ತಿಗಣೆಗಳು ಹೊರಹಾಕುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅವುಗಳನ್ನು ಶತ್ರುಗಳಿಂದ ಕಾಯುತ್ತವೆ. ಆ ಅಂಟಿನ ಮೇಲೆಯೇ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುವುದು. ಕುಂಡವನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಟ್ಟರೆ ಇರುವೆ ಹತ್ತಲಾರದು. ಆದರೆ ಎರಡು ಮೂರು ದಿನಕ್ಕೊಮ್ಮೆ ಆ ನೀರನ್ನು ಚೆಲ್ಲಿ ತಟ್ಟೆಯನ್ನು ಉಜ್ಜಿರಿ. ಡೆಂಗ್ಯೂ ಹರಡುವ ಸೊಳ್ಳೆ ಇಂಥ ನೀರಿನಲ್ಲೇ ಮರಿ ಮಾಡುತ್ತದೆ.

ಶತ್ರುವಿನ ವೇಷದ ಮಿತ್ರ

ಒರೆಸುವ ಮೊದಲು ಒಂದು ಕ್ಷಣ ನಿಂತು ನೋಡಿ. ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯೂ ಬಿಳಿ ಮೇಣದ ಎಳೆಗಳನ್ನು ಹೊದ್ದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ತಿಗಣೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಈ ಮರಿ ಅದಕ್ಕಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಈ ಹುಳು ಇಂದು ನಮ್ಮ ಕಾಫಿ, ದ್ರಾಕ್ಷಿ ತೋಟಗಳಲ್ಲಿ ರೈತನ ಮಿತ್ರ. ವಿಷಕ್ಕೆ ಮಿತ್ರ ಯಾರು, ಶತ್ರು ಯಾರು ಎಂಬ ವಿವೇಚನೆಯಿಲ್ಲ. ಕಣ್ಣಿಗೆ ಇದೆ.

ಅಂಗಳದಿಂದ ಹೊಲಕ್ಕೆ

"ಹೂವಿನ ಗಿಡದ ವಿಷಯಕ್ಕೆ ಇಷ್ಟೊಂದು ಮಾತೇ?" ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಪಪ್ಪಾಯಿಯ ಹಿಟ್ಟು ತಿಗಣೆ ಮೆಕ್ಸಿಕೋ ಕಡೆಯದು. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡಿತು. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿಗೆ ಬೇಕಾದಂತೆ ವಿಷ ಹೊಡೆಯುವಂತಿಲ್ಲ. ಹೊಡೆದರೂ ಮೇಣದ ಹೊದಿಕೆಯೊಳಗಿನ ತಿಗಣೆಗೆ ಅದು ಸರಿಯಾಗಿ ತಾಗುತ್ತಿರಲಿಲ್ಲ. ಈ ತಿಗಣೆಗೆ ಬಲು ಪ್ರಿಯವಾದ ಆಸರೆಗಳಲ್ಲಿ ಮನೆಯಂಗಳದ ದಾಸವಾಳವೂ ಒಂದು. ತೋಟದಲ್ಲಿ ತೊಲಗಿದರೂ ಅಂಗಳದಲ್ಲಿ ಉಳಿದು ಮತ್ತೆ ತೋಟಕ್ಕೆ ಬರುತ್ತಿತ್ತು.

ಕೊನೆಗೆ ಅದನ್ನು ಹತೋಟಿಗೆ ತಂದದ್ದು ವಿಷವಲ್ಲ. ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊರಿಕೋದಿಂದ ಅಸೆರೋಫೇಗಸ್ ಎಂಬ ಸಾಸಿವೆಗಿಂತ ಚಿಕ್ಕದಾದ ಕಣಜವನ್ನು ತರಿಸಿ ಬಿಡುಗಡೆ ಮಾಡಿತು. ಅದು ತಿಗಣೆಯ ಮೈಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ವಿಷ ಹೊಡೆಯದೆ ಬಿಟ್ಟಲ್ಲಿ ಆ ಕಣಜ ತಾನಾಗಿಯೇ ನೆಲೆಯೂರಿತು. ನಿಮ್ಮ ಅಂಗಳದ ದಾಸವಾಳದಲ್ಲಿ ಇಂದೂ ಅದು ಇರಬಹುದು. ಪಂಪಿನಲ್ಲಿ ಉಳಿದ ದ್ರಾವಣವನ್ನು ಅಲ್ಲಿ ಸಿಂಪಡಿಸಿದರೆ ಸಾಯುವುದು ಮೊದಲು ಆ ಕಣಜ.

ನನ್ನ ಸಲಹೆ ಇಷ್ಟೇ

ದ್ರಾವಣವನ್ನು ಬೇಕಾದಷ್ಟೇ ತಯಾರಿಸಿ, ಹೊಲದಲ್ಲೇ ಮುಗಿಸಿ. ಪಂಪನ್ನು ಅಂಗಳದಲ್ಲಿ ತೊಳೆಯಬೇಡಿ; ಬಾವಿ, ಕೆರೆ, ಕಾಲುವೆಗಳಿಂದ ದೂರದ ಪಾಳು ಜಾಗದಲ್ಲಿ ತೊಳೆಯಿರಿ. ಸಂತೆಯಿಂದಲೋ ನರ್ಸರಿಯಿಂದಲೋ ತಂದ ಹೊಸ ಕುಂಡವನ್ನು ಎರಡು ವಾರ ಬೇರೆಯಾಗಿಟ್ಟು, ಕೀಟವಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದವುಗಳ ಜೊತೆ ಸೇರಿಸಿ. ಏನು ಮಾಡಿದರೂ ಗಿಡ ಚೇತರಿಸದಿದ್ದರೆ ಅದನ್ನು ಕಿತ್ತು ಸುಟ್ಟುಬಿಡಿ. ತುಳಸಿಯ ಬೀಜ ನೆರೆಮನೆಯಲ್ಲಿ ಸಿಗುತ್ತದೆ; ದಾಸವಾಳದ ಕಡ್ಡಿ ನೆಟ್ಟರೆ ಬರುತ್ತದೆ. ಕುಂಡದ ಗಿಡವನ್ನು ಮತ್ತೆ ಬೆಳೆಸಬಹುದು.

ವಿಷ ಮೈಗೋ ಬಾಯಿಗೋ ತಗುಲಿ ಯಾರಿಗಾದರೂ ಜೊಲ್ಲು ಸುರಿಯುವುದು, ವಿಪರೀತ ಬೆವರು, ವಾಂತಿ, ಉಸಿರಾಟದ ತೊಂದರೆ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಕೀಟನಾಶಕದ ಡಬ್ಬವನ್ನೋ ಚೀಟಿಯನ್ನೋ ಜೊತೆಗೆ ಕೊಂಡೊಯ್ಯಲು ಮರೆಯಬೇಡಿ.

ಇಷ್ಟಕ್ಕೆಲ್ಲ ಬಿಡುವೆಲ್ಲಿದೆ ಎನ್ನುವವರಿಗೆ ನನ್ನ ಉತ್ತರ: ದಿನಕ್ಕೆ ಐದು ನಿಮಿಷ ಸಾಕು; ಮನೆಯ ಮಕ್ಕಳಿಗೆ ಆ ಕೆಲಸ ವಹಿಸಿದರೆ ಇನ್ನೂ ಒಳ್ಳೆಯದು. ಎಲೆಯ ಕೆಳಭಾಗವನ್ನು ತಿರುಗಿಸಿ ನೋಡಲು, ಮಿತ್ರ ಕೀಟವನ್ನು ಗುರುತಿಸಲು ಕಲಿತ ಮಗು ನಾಳೆ ಹೊಲಕ್ಕೆ ಇಳಿದಾಗ ಪಂಪಿಗೆ ಕೈಹಾಕುವ ಮೊದಲು ಒಮ್ಮೆ ಬಗ್ಗಿ ಬೆಳೆಯನ್ನು ನೋಡುತ್ತದೆ. ಆ ಅಭ್ಯಾಸ ನಿಮ್ಮ ಅಂಗಳದ ಕುಂಡದಿಂದಲೇ ಆರಂಭವಾಗಲಿ.