ಬಸ್ಸಿನ ಹಾಡೂ ಊರಿನ ಕನ್ನಡವೂ

ಕುಕ್ಕುಂದೂರು ಜೋಡುರಸ್ತೆಯಲ್ಲಿ ಬಸ್ಸಿಗೆ ಕಾಯುವವರ ನಡುವೆ ರಾಜಕೀಯ ಬಿಟ್ಟರೆ ಮತ್ತೆ ಮತ್ತೆ ಏಳುವ ತಕರಾರು ಒಂದೇ. ಹಿಂದಿನ ಸಿನಿಮಾ ಹಾಡಿನ ಎದುರು ಈಗಿನದ್ದು ನಿಲ್ಲುತ್ತದಾ ಇಲ್ಲವಾ? ಬಸ್ಸು ಹತ್ತಿದ ಮೇಲೂ ಇದು ಮುಗಿಯುವುದಿಲ್ಲ. ಡ್ರೈವರ್ ಹೊಸತು ಹಾಕಿದರೆ ಮುಂದಿನ ಸೀಟಿನ ಹಿರಿಯರು ‘ಇದೆಂತ ಮಾರಾಯ್ರೆ, ಹಾಡಾ ಜಲ್ಲಿ ಕ್ರಷರಾ?’ ಎನ್ನುತ್ತಾರೆ. ಹಳತು ಹಾಕಿದರೆ ಮಣಿಪಾಲಕ್ಕೆ ಹೋಗುವ ಕಾಲೇಜು ಮಕ್ಕಳು ತಮ್ಮ ಫೋನಿನ ವಯರನ್ನು ಕಿವಿಗೆ ತುರುಕಿಕೊಳ್ಳುತ್ತಾರೆ. ಪರ್ಕಳ ದಾಟಿದರೂ ಎರಡು ಪಕ್ಷಕ್ಕೂ ಸಮಾಧಾನ ಇಲ್ಲ.

ಇಬ್ಬರೂ ತಕ್ಕಡಿ ಸರಿಯಾಗಿ ಹಿಡಿದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಂಗಡಿಯವರಿಗೆ ಇದು ಬೇಗ ಅರ್ಥವಾದೀತು. ಹಳೇ ಹಾಡು ಎಂದು ನಾವು ಇವತ್ತು ಕೇಳುವುದು ಕೇರಿ, ಕಲ್ಲು ಹೆಕ್ಕಿ, ಮುಡಿ ಕಟ್ಟಿದ ಅಕ್ಕಿ. ಹೊಸ ಹಾಡು ಇನ್ನೂ ಅಂಗಳದಲ್ಲಿರುವ ಭತ್ತದ ರಾಶಿ. ಜೊಳ್ಳೂ ಉಂಟು, ಕಾಳೂ ಉಂಟು. 1971ರ ‘ಕಸ್ತೂರಿ ನಿವಾಸ’, 1972ರ ‘ಬಂಗಾರದ ಮನುಷ್ಯ’, ‘ನಾಗರಹಾವು’, 1974ರ ‘ಎರಡು ಕನಸು’ ಎಲ್ಲರಿಗೂ ನೆನಪುಂಟು. ಅದೇ ವರ್ಷಗಳಲ್ಲಿ ಬಂದು ಎರಡನೇ ವಾರಕ್ಕೆ ಟಾಕೀಸಿನಿಂದ ಎತ್ತಂಗಡಿಯಾದ ಚಿತ್ರಗಳ ಹಾಡು ಒಂದಾದರೂ ನೆನಪುಂಟಾ? ಹಿಂದಿ ಚಿತ್ರದ ಟ್ಯೂನು ಎತ್ತಿ, ಅದರ ಮೇಲೆ ಕನ್ನಡ ಶಬ್ದ ಹೊಲಿದ ಹಾಡುಗಳೂ ಆ ಕಾಲದಲ್ಲಿ ಬಂದದ್ದೇ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಮುಂತಾದವರು ಉಳಿದರು. ಮಿಕ್ಕವರನ್ನು ಕಾಲವೇ ಗುಡಿಸಿ ಹಾಕಿತು.

ಅದೂ ಅಲ್ಲದೆ ಈ ‘ಹಳತು’ ಎಂಬ ಗಡಿಕಲ್ಲು ನಿಂತಲ್ಲಿ ನಿಲ್ಲುವುದಿಲ್ಲ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರನ್ನು ಬೈದವರು ಕಡಿಮೆಯೇ? ಮಾತಾಡಿದ ಹಾಗೆ ಬರೆದದ್ದು ಸಾಹಿತ್ಯವೇ, ಕೀಬೋರ್ಡಿನ ಸದ್ದು ಸಂಗೀತವೇ ಎಂದು ಕೇಳಿದರು. ಈಗ ‘ಪ್ರೇಮಲೋಕ’ ಹಳೇ ಹಾಡುಗಳ ಪಟ್ಟಿಯಲ್ಲಿ ಕೂತಿದೆ. ಅಂದು ಅದನ್ನು ಕೇಳಿ ಕುಣಿದ ಹುಡುಗರು ಇಂದು ತಲೆ ನರೆಸಿಕೊಂಡು ಹೊಸಬರನ್ನು ಬೈಯುತ್ತಿದ್ದಾರೆ!

ಇನ್ನೊಂದು ದೂರು: ಈಗ ಹಾಡುವವರು ಮುಂಬಯಿಯವರು, ಅವರಿಗೆ ಕನ್ನಡ ಬಾರದು. ಹೌದು, ಆದರೆ ಹಿಂದಿನವರು ಎಲ್ಲಿಯವರು ಸ್ವಾಮಿ? 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ರಾಜಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು. ಅದಕ್ಕೆ ಮೊದಲು ಅವರ ಕಂಠವೆಂದರೆ ಪಿ.ಬಿ. ಶ್ರೀನಿವಾಸ್, ಆಂಧ್ರದ ಕಾಕಿನಾಡದವರು. ಎಸ್. ಜಾನಕಿ, ಪಿ. ಸುಶೀಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಯಾರೂ ಮನೆಯಲ್ಲಿ ಕನ್ನಡ ಆಡಿ ಬೆಳೆದವರಲ್ಲ. ಆದರೆ ಕಲಿತರು. ಶ್ರೀನಿವಾಸ್ ಹಲವು ಭಾಷೆಗಳಲ್ಲಿ ಪದ್ಯ ಬರೆಯುವಷ್ಟು ಕಲಿತರು. ಮದ್ರಾಸಿನಲ್ಲಿ ನಮ್ಮ ಕಡೆಯ ಕೃಷ್ಣ ರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಕಿಸೆ ತುಂಬಾ ಬಣ್ಣ ಬಣ್ಣದ ಪೆನ್ನು ಇಟ್ಟುಕೊಂಡು ಬರೆಯುತ್ತಾ ಕೂತಿರುತ್ತಿದ್ದರಂತೆ. ಹಾಗಾಗಿ ಗಾಯಕರ ಊರು ಕೇಳಿ ಪ್ರಯೋಜನ ಇಲ್ಲ. ಅವರು ಹಾಡುವ ಅಕ್ಷರ ನಮ್ಮ ಕಿವಿಗೆ ಬೀಳುತ್ತದಾ ಎಂದು ಕೇಳಬೇಕು.

ಈ ಪ್ರಶ್ನೆ ಬೆಂಗಳೂರಿಗಿಂತ ನಮಗೆ ದೊಡ್ಡದು. ಯಾಕೆಂದರೆ ಕುಕ್ಕುಂದೂರಿನ ಹೆಚ್ಚಿನ ಮನೆಗಳಲ್ಲಿ ಒಳಗಿನ ಮಾತು ತುಳು, ಇಲ್ಲವೆ ಕೊಂಕಣಿ, ಇಲ್ಲವೆ ಬ್ಯಾರಿ. ಕನ್ನಡ ನಮಗೆ ಅಂಗಳ ದಾಟಿ ಬಂದ ಭಾಷೆ. ಇದೇ ತಾಲೂಕಿನ ನಂದಳಿಕೆಯಿಂದ ಮುದ್ದಣ ಎದ್ದು ಬಂದದ್ದೂ ತುಳುವಿನ ನಡುವಿನಿಂದಲೇ. ಕನ್ನಡ ಶಾಲೆ, ಯಕ್ಷಗಾನದ ಭಾಗವತರ ಪದ, ಪತ್ರಿಕೆ, ರೇಡಿಯೋ, ಇವು ನಾಲ್ಕು ಬಾಗಿಲು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಚಿತ್ರಗೀತೆ ಹೊತ್ತಿಗೆ ಹೊತ್ತಿಗೆ ಮನೆಯೊಳಗೇ ಬಂತು. ಚಿತ್ರ ಯಾವುದು, ಬರೆದವರು ಯಾರು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳಿಯೇ ರೆಕಾರ್ಡು ಹಾಕುತ್ತಿದ್ದರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಎಂಬ ಹೆಸರುಗಳು ಬೀಡಿ ಕಟ್ಟುವ ಹೆಂಗಸರಿಗೂ ಬಾಯಿಪಾಠ. ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಪೈಸೆ ಲೆಕ್ಕದಲ್ಲಿ ಸಿಗುತ್ತಿತ್ತು. ಅದನ್ನು ಓದಿಯೇ ಕನ್ನಡ ಗಟ್ಟಿ ಮಾಡಿಕೊಂಡವರು ಈ ಪೇಟೆಯಲ್ಲಿ ಇನ್ನೂ ಗಲ್ಲಾದ ಮೇಲೆ ಕೂತಿದ್ದಾರೆ.

ಈಗ ಮಗು ಹೋಗುವುದು ಇಂಗ್ಲಿಷ್ ಶಾಲೆಗೆ. ರಾತ್ರಿ ಇಡೀ ಆಟ ನೋಡುವ ಅಭ್ಯಾಸ ಕಡಿಮೆ. ಪತ್ರಿಕೆ ಮುಟ್ಟುವುದಿಲ್ಲ. ದಿನಕ್ಕೆ ಒಂದು ಗಂಟೆಯಾದರೂ ಅದರ ಕಿವಿಗೆ ಕನ್ನಡ ಬೀಳುವುದಾದರೆ ಅದು ಸಿನಿಮಾ ಹಾಡಿನಿಂದ. ಆ ಹಾಡಿನಲ್ಲೂ ಶಬ್ದ ಕೇಳಿಸದಿದ್ದರೆ ಹೋಯಿತಲ್ಲ!

ಕೇಳಿಸದಿರಲು ಕಾರಣ ಉಂಟು. ಹಿಂದೆ ಮದ್ರಾಸಿನ ಸ್ಟುಡಿಯೋದಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ನಿಂತು ಹಾಡು ಮುಗಿಸಬೇಕಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಹಳೇ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ಸುಮಾರು ಮೂರು ನಿಮಿಷ. ಆದ್ದರಿಂದ ತಾಲೀಮು ಜಾಸ್ತಿ, ವಾದ್ಯ ಹಿಂದೆ, ಕಂಠ ಮುಂದೆ. ಈಗ ಗಾಯಕ ಒಂದೂರಿನಲ್ಲಿ, ತಬಲಾ ಇನ್ನೊಂದೂರಿನಲ್ಲಿ, ಕಂಪ್ಯೂಟರಿನಲ್ಲಿ ಎಷ್ಟು ಪದರ ಬೇಕಾದರೂ ಪೇರಿಸಬಹುದು. ಪೇರಿಸುತ್ತಾರೆ, ಕಂಠ ಅಡಿಗೆ ಬೀಳುತ್ತದೆ. ಅದರ ಮೇಲೆ ನಮ್ಮ ಬಸ್ಸಿನವರ ಬಾಸ್ ಪೆಟ್ಟಿಗೆ! ಸ, ತ, ಕ ಮುಂತಾದ ವ್ಯಂಜನಗಳ ಸದ್ದು ತೆಳು, ಸಣ್ಣ. ಗುಡುಗುಡು ಹೆಚ್ಚಾದರೆ ಮೊದಲು ಸಾಯುವುದು ಅದೇ. ಆಗ ಉಳಿಯುವುದು ‘ಆ’ ಮತ್ತು ‘ಓ’ ಮಾತ್ರ. ಆದ್ದರಿಂದ ಅರ್ಧ ತಪ್ಪು ಸಂಗೀತದವರದ್ದಾದರೆ ಅರ್ಧ ಬಸ್ಸಿನದ್ದು.

ಹೊಸಬರಲ್ಲಿ ಈ ಪರೀಕ್ಷೆ ಪಾಸಾದವರು ಇಲ್ಲವೇ? ಉಂಟು. 2006ರ ‘ಮುಂಗಾರು ಮಳೆ’ಗೆ ಗೋಕರ್ಣದ ಜಯಂತ ಕಾಯ್ಕಿಣಿ ಬರೆದರು, ಮನೋಮೂರ್ತಿ ಸ್ವರ ಹಾಕಿದರು, ಮುಂಬಯಿಯ ಸೋನು ನಿಗಮ್ ಹಾಡಿದರು. ಮಳೆಗಾಲದಲ್ಲಿ ಕರೆಂಟಿಲ್ಲದ ಅಂಗಡಿಯಲ್ಲಿ ಕೂತು ವಾದ್ಯ ಇಲ್ಲದೆ ಗುನುಗಿದರೂ ಅದು ನಿಲ್ಲುತ್ತದೆ. ನಮ್ಮದೇ ಜಿಲ್ಲೆಯ ಬಸ್ರೂರಿನ ರವಿ ಬಸ್ರೂರು 2018ರಲ್ಲೂ 2022ರಲ್ಲೂ ‘ಕೆಜಿಎಫ್’ ಮೂಲಕ ಇಡೀ ದೇಶದ ಎದೆ ನಡುಗಿಸಿದರು. ಅದು ದೊಡ್ಡ ವಿದ್ಯೆ, ನಮಗೆ ಹೆಮ್ಮೆಯೂ ಉಂಟು. ಆದರೆ ಆ ಅಬ್ಬರವನ್ನು ಅನುಕರಿಸಲು ಹೊರಟವರ ಕೈಯಲ್ಲಿ ಉಳಿಯುವುದು ಚೆಂಡೆ ಮಾತ್ರ, ಪದ ಇಲ್ಲ. ಚೆಂಡೆ ಎಷ್ಟೇ ಜೋರಾಗಲಿ, ಭಾಗವತರ ಶಬ್ದ ಗದ್ದೆಯಾಚೆ ಕೇಳಬೇಕೆಂಬ ಕಟ್ಟುನಿಟ್ಟು ನಮ್ಮ ಆಟದವರಿಗೆ ಗೊತ್ತಿತ್ತು. ಸಿನಿಮಾದವರು ಅದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ.

ಹಳತು ಹಾಕಿ, ಹೊಸತು ಬೇಡ ಎಂದು ಬಸ್ಸು ಮಾಲಕರಿಗೆ ನಾವು ಹೇಳುವುದಿಲ್ಲ. ಕಾರ್ಕಳ-ಉಡುಪಿ ಲೈನಿನಲ್ಲಿ ಎರಡೂ ಇರಲಿ, ತುಳುವೂ ಇರಲಿ. ಬಾಸ್ ಗುಂಡಿ ಮಾತ್ರ ಅರ್ಧ ಸುತ್ತು ಹಿಂದೆ ತಿರುಗಿಸಲಿ. ಹಿರಿಯಡಕದಲ್ಲಿ ಇಳಿಯುವವರಿಗೆ ಕಂಡಕ್ಟರ್ ಕೂಗಿದ್ದಾದರೂ ಕೇಳೀತು.

ಗಣೇಶೋತ್ಸವ, ಶಾರದೋತ್ಸವ ಸಮಿತಿಯವರಿಗೂ ಒಂದು ಮಾತು. ರಸಮಂಜರಿಯಲ್ಲಿ ಮಕ್ಕಳನ್ನು ಫೋನಿನ ಟ್ರ್ಯಾಕಿಗೆ ಬಾಯಿ ಆಡಿಸಲು ಬಿಡುವ ಬದಲು ಒಂದು ಹಾಡನ್ನಾದರೂ ಬರೇ ಹಾರ್ಮೋನಿಯಂ, ತಬಲಾದಲ್ಲಿ ಹಾಡಿಸಿ. ಹಳತಾದರೂ ಸರಿ, ಕಳೆದ ವಾರದ್ದಾದರೂ ಸರಿ. ಹಾಡುವ ಮೊದಲು ಬರೆದವರ ಹೆಸರು ಮೈಕಿನಲ್ಲಿ ಹೇಳಿಸಿ. ಹೇಳಲು ಹೊರಟಾಗ ಮಗುವಿಗೆ ಆ ಹೆಸರು ಗೊತ್ತಿರುವುದಿಲ್ಲ. ಫೋನಿನಲ್ಲಿ ಹುಡುಕಿದರೂ ಹೆಚ್ಚಾಗಿ ಮೊದಲು ಸಿಗುವುದು ಹೀರೋನ ಹೆಸರು. ಹುಡುಕಲಿ, ಅಡ್ಡಿಯಿಲ್ಲ.